ಹಜಾರದ ಕಂಪ್ಯೂಟರಿನಲ್ಲಿರುವ ಸಂಗೀತವನ್ನು ಒಳಕೋಣೆಯಿಂದ ಮೊಬೈಲ್ ಮೂಲಕ ನಿಯಂತ್ರಿಸುವುದು ಹೇಗೆ?

ಪ್ರಶ್ನೆ: ಕಚೇರಿ ಕೇಳುಗ

ಎಲ್ಲರಿಗೂ ನಮಸ್ಕಾರ.

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದ ಮೇಲೆ, ನಮ್ಮ ಮನೆಯ ಹಜಾರದಲ್ಲಿದ್ದ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿ, ಅದನ್ನು ಸಂಗೀತ ಕೇಳುವುದಕ್ಕೆಂದೇ ಮೀಸಲಿಟ್ಟಿದ್ದೇನೆ. ಅದರಿಂದ ಹೊರಟ ಕೇಬಲ್ ಒಂದು ಆಂಪ್ಲಿಫೈಯರಿಗೆ, ಅಲ್ಲಿಂದ ಎರಡು ದೊಡ್ಡ ಸ್ಪೀಕರುಗಳಿಗೆ ಹೋಗುತ್ತದೆ. ತಂದೆಯವರು ಆಕಾಶವಾಣಿಯ ಪ್ರಸಾರಗಳಿಂದ ಕ್ಯಾಸೆಟ್ಟುಗಳಿಗೆ ಇಳಿಸಿಕೊಂಡಿದ್ದ ಕರ್ನಾಟಕ ಸಂಗೀತದ ಕಚೇರಿಗಳು, ನಾವು ವರ್ಷಗಳಿಂದ ಕೊಂಡುತಂದ ಸಿ.ಡಿ.ಗಳು, ದೇವರನಾಮ ಮತ್ತು ವಚನಗಳ ಧ್ವನಿಮುದ್ರಣಗಳು ಎಲ್ಲವೂ ಈಗ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿವೆ. ಕೆಲವು ಧ್ವನಿಯ ಯಾವ ಅಂಶವೂ ಕಳೆದುಹೋಗದ ಫ್ಲ್ಯಾಕ್ ರೂಪದಲ್ಲಿವೆ, ಹೆಚ್ಚಿನವು ಎಂಪಿ3 ರೂಪದಲ್ಲಿವೆ.

ಈ ಸಂಗೀತವನ್ನು ಹೆಚ್ಚು ಕೇಳುವವರು ನನ್ನ ತಾಯಿಯವರು. ಅವರಿಗೆ ಮಂಡಿನೋವಿರುವುದರಿಂದ ಪ್ರತಿ ಬಾರಿಯೂ ಹಜಾರಕ್ಕೆ ಬಂದು ಕಂಪ್ಯೂಟರಿನ ಮುಂದೆ ಕುಳಿತು ಹಾಡು ಆರಿಸುವುದು ಕಷ್ಟವಾಗುತ್ತಿದೆ. ಅವರ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದೆ, ಅದನ್ನು ಬಳಸುವ ರೂಢಿಯೂ ಇದೆ. ಆ ಫೋನಿನಿಂದಲೇ ಹಾಡನ್ನು ಆರಿಸಿ, ನಿಲ್ಲಿಸಿ, ಧ್ವನಿಯನ್ನು ಏರಿಸಿ ಇಳಿಸಿ, ಮುಂದಿನ ಕೃತಿಗೆ ಹೋಗುವ ವ್ಯವಸ್ಥೆಯಾಗಬೇಕು; ಸಂಗೀತ ಮಾತ್ರ ಹಜಾರದ ಸ್ಪೀಕರುಗಳಲ್ಲಿಯೇ ಕೇಳಬೇಕು. ಫೋನನ್ನು ಬ್ಲೂಟೂತ್ ಮೂಲಕ ಆಂಪ್ಲಿಫೈಯರಿಗೆ ಜೋಡಿಸಿದಾಗ, ಯಾರಾದರೂ ಕರೆ ಮಾಡಿದ ಕೂಡಲೇ ಆಲಾಪನೆಯ ನಡುವೆ ಸಂಗೀತ ನಿಂತುಹೋಗುತ್ತದೆ. ಫೋನ್ ಹಿಡಿದು ಹಿತ್ತಲಿಗೆ ಹೋದರೆ ಧ್ವನಿ ತುಂಡುತುಂಡಾಗುತ್ತದೆ. ಅದಲ್ಲದೆ ಇಷ್ಟು ದೊಡ್ಡ ಸಂಗ್ರಹವನ್ನು ಫೋನಿಗೆ ತುಂಬಿಸುವುದೂ ಸಾಧ್ಯವಿಲ್ಲ. ತಿಂಗಳ ಚಂದಾ ಕಟ್ಟಬೇಕಾದ ಸೇವೆಗಳು ನಮಗೆ ಬೇಡ, ಏಕೆಂದರೆ ನಾವು ಕೇಳುವ ಕಚೇರಿಗಳಲ್ಲಿ ಬಹುಪಾಲು ಅಲ್ಲಿ ಸಿಗುವುದಿಲ್ಲ. ಮನೆಯ ಇಂಟರ್‌ನೆಟ್ ಸಂಪರ್ಕ ಕಡಿದಾಗಲೂ ಈ ವ್ಯವಸ್ಥೆ ನಡೆಯುವಂತಿದ್ದರೆ ಒಳ್ಳೆಯದು. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಶ್ರುತಿಪೆಟ್ಟಿಗೆ

ಕಚೇರಿ ಕೇಳುಗರೇ, ನೀವು ಹೇಳಿರುವ ಅಗತ್ಯಗಳನ್ನೆಲ್ಲ ಒಟ್ಟಿಗೆ ಪೂರೈಸುವ ತಂತ್ರಾಂಶ ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್. 2003ರಿಂದ ಬೆಳೆದುಬಂದಿರುವ ಈ ಮುಕ್ತ ತಂತ್ರಾಂಶವನ್ನು ನಾನು ಬಹುಕಾಲದಿಂದ ಬಳಸುತ್ತಿದ್ದೇನೆ, ಮತ್ತು ಮನೆಯ ಹಿರಿಯರಿಗಾಗಿ ಸಂಗೀತದ ವ್ಯವಸ್ಥೆ ಮಾಡುವವರಿಗೆ ಯಾವ ಹಿಂಜರಿಕೆಯೂ ಇಲ್ಲದೆ ಇದನ್ನೇ ಸೂಚಿಸುತ್ತೇನೆ.

ಬ್ಲೂಟೂತ್‌ನಲ್ಲಿ ನಿಮಗಾದ ತೊಂದರೆಯ ಮೂಲವನ್ನು ಮೊದಲು ನೋಡೋಣ. ಅಲ್ಲಿ ಹಾಡನ್ನು ನುಡಿಸುತ್ತಿರುವುದು ಫೋನು. ಆಂಪ್ಲಿಫೈಯರ್ ಅದನ್ನು ದೊಡ್ಡದಾಗಿಸುತ್ತದೆ, ಅಷ್ಟೆ. ಆದ್ದರಿಂದ ಫೋನಿಗೆ ಕರೆ ಬಂದರೆ ಸಂಗೀತ ನಿಲ್ಲುತ್ತದೆ, ಫೋನ್ ದೂರ ಹೋದರೆ ಸಂಗೀತವೂ ಕಡಿಯುತ್ತದೆ. ನಿಮಗೆ ಬೇಕಾಗಿರುವುದು ಇದಕ್ಕೆ ತಿರುವುಮುರುವಾದ ಏರ್ಪಾಡು: ಕಡತವನ್ನು ಓದುವುದು, ನುಡಿಸುವುದು, ಮುಂದೆ ಯಾವುದು ಎಂಬುದನ್ನು ನೆನಪಿಟ್ಟುಕೊಳ್ಳುವುದು ಎಲ್ಲವೂ ಕಂಪ್ಯೂಟರಿನ ಕೆಲಸವಾಗಬೇಕು, ಫೋನು ಆಜ್ಞೆಯನ್ನು ಮಾತ್ರ ಕಳುಹಿಸಬೇಕು. ಸಿ.ಡಿ. ಗುಣಮಟ್ಟದ ಧ್ವನಿಯನ್ನು ಕಡಿತವಿಲ್ಲದೆ ಕಳುಹಿಸಲು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಬೇಕು. 'ನಿಲ್ಲಿಸು' ಎಂಬ ಆಜ್ಞೆಗಾದರೋ ಕೆಲವೇ ಅಕ್ಷರಗಳು ಸಾಕು. ಒಳಕೋಣೆಯಲ್ಲಿ ವೈಫೈ ಎಷ್ಟೇ ದುರ್ಬಲವಾಗಿದ್ದರೂ ಆ ಕೆಲವು ಅಕ್ಷರಗಳು ತಲುಪಿಬಿಡುತ್ತವೆ, ತಲುಪುವುದು ಒಂದು ಕ್ಷಣ ತಡವಾದರೂ ನಡೆಯುತ್ತಿರುವ ಹಾಡಿಗೆ ಏನೂ ಆಗುವುದಿಲ್ಲ. ಫೋನಿನ ಬ್ಯಾಟರಿ ಮುಗಿದು ಅದು ಆರಿಹೋದರೂ ಕಚೇರಿ ಮಂಗಳದವರೆಗೆ ನಡೆಯುತ್ತದೆ.

ಎಂಪಿಡಿ ಇದೇ ತತ್ತ್ವದ ಮೇಲೆ ನಿಂತಿದೆ. ಕಂಪ್ಯೂಟರಿನಲ್ಲಿ ಅದಕ್ಕೆ ಕಿಟಕಿಯಾಗಲಿ ಗುಂಡಿಗಳಾಗಲಿ ಇಲ್ಲ. ಅದು ಹಿನ್ನೆಲೆಯಲ್ಲಿ ಇದ್ದುಕೊಂಡು 6600 ಎಂಬ ಪೋರ್ಟಿನಲ್ಲಿ, ಅಂದರೆ ಜಾಲದಿಂದ ಒಳಬರುವ ಆ ಸಂಖ್ಯೆಯ ಬಾಗಿಲಿನಲ್ಲಿ, ಆಜ್ಞೆಗಳಿಗಾಗಿ ಕಾಯುತ್ತಿರುತ್ತದೆ. ಆಜ್ಞೆ ಕೊಡುವ ಆ್ಯಪ್‌ಗಳು ಬೇರೆ, ಅವು ಹಲವಾರು ಇವೆ. ಆಂಡ್ರಾಯ್ಡ್‌ಗೆ ಎಂ.ಎ.ಎಲ್.ಪಿ. ಎಂಬ ಆ್ಯಪ್ ಚೆನ್ನಾಗಿದೆ, ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಮಳಿಗೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಮನೆಯಲ್ಲಿ ಐಫೋನ್ ಇರುವವರೂ ಇದ್ದರೆ ಮೈಎಂಪಿಡಿ ಎಂಬುದನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು ಯಾವುದೇ ಫೋನಿನ ಬ್ರೌಸರಿನಿಂದಲೂ ನಿಯಂತ್ರಿಸಬಹುದು. ಹಾಡುಗಳ ಸರದಿ ಇರುವುದು ಕಂಪ್ಯೂಟರಿನಲ್ಲೇ ಆದ್ದರಿಂದ, ನಿಮ್ಮ ಫೋನಿನಲ್ಲಿ ನೀವು ಒಂದು ಕೃತಿಯನ್ನು ಸೇರಿಸಿದರೆ ತಾಯಿಯವರ ಫೋನಿನ ಪರದೆಯಲ್ಲಿಯೂ ಅದು ಕೂಡಲೇ ಕಾಣಿಸುತ್ತದೆ.

ಸ್ಥಾಪನೆಯ ವಿಚಾರದಲ್ಲಿ ಒಂದು ತೊಡಕನ್ನು ಮೊದಲೇ ತಿಳಿಸಬೇಕು, ಏಕೆಂದರೆ ಹೊಸಬರಲ್ಲಿ ಹೆಚ್ಚಿನವರು ಇಲ್ಲಿಯೇ ಬೇಸತ್ತು ಕೈಬಿಡುತ್ತಾರೆ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಎಂಪಿಡಿಯನ್ನು ಹಾಕಿಕೊಂಡಾಗ, ಅದು ಇಡೀ ಯಂತ್ರಕ್ಕೆ ಸೇರಿದ ಸೇವೆಯಾಗಿ, ತನ್ನದೇ ಹೆಸರಿನ ಪ್ರತ್ಯೇಕ ಬಳಕೆದಾರನ ಅಡಿಯಲ್ಲಿ ಓಡತೊಡಗುತ್ತದೆ. ಆ ಬಳಕೆದಾರನಿಗೆ ನಿಮ್ಮ ಹೋಮ್ ಫೋಲ್ಡರನ್ನು ಓದುವ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ, ನಿಮ್ಮ ಲಾಗಿನ್‌ಗೆ ಸೇರಿದ ಧ್ವನಿ ವ್ಯವಸ್ಥೆಯನ್ನು ಬಳಸುವ ಅವಕಾಶವೂ ಇರುವುದಿಲ್ಲ. ಪರಿಣಾಮವಾಗಿ ಹಾಡುಗಳ ಪಟ್ಟಿ ಖಾಲಿಯಾಗಿ ಕಾಣುತ್ತದೆ, ಇಲ್ಲವೇ ಪಟ್ಟಿ ಕಂಡರೂ ಧ್ವನಿ ಬರುವುದಿಲ್ಲ. ಇದಕ್ಕೆ ನೇರವಾದ ಪರಿಹಾರವೆಂದರೆ, ಯಂತ್ರದ ಮಟ್ಟದ ಆ ಸೇವೆಯನ್ನು ಮತ್ತು ಅದರ ಜೊತೆಗೆ ಬರುವ ಸಾಕೆಟ್ ಘಟಕವನ್ನು ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ನಿಷ್ಕ್ರಿಯಗೊಳಿಸಿ, ಎಂಪಿಡಿಯನ್ನು ನಿಮ್ಮದೇ ಬಳಕೆದಾರ ಸೇವೆಯಾಗಿ ಸಕ್ರಿಯಗೊಳಿಸುವುದು. ಹಾಗೆ ಮಾಡಿದಾಗ ನೀವು ಲಾಗಿನ್ ಆದ ಮೇಲಷ್ಟೇ ಅದು ಶುರುವಾಗುತ್ತದೆ. ನಿಮ್ಮ ಕಂಪ್ಯೂಟರ್ ಸಂಗೀತಕ್ಕೆಂದೇ ಇರುವುದರಿಂದ ತಾನಾಗಿಯೇ ಲಾಗಿನ್ ಆಗುವಂತೆ ಮಾಡಿಬಿಡಿ.

ಸಂರಚನೆಯ ಕಡತದಲ್ಲಿ ಗಮನಿಸಬೇಕಾದ ಸಾಲುಗಳು ಕೆಲವೇ. ಸಂಗೀತದ ಫೋಲ್ಡರ್ ಎಲ್ಲಿದೆ ಎಂದು ಹೇಳುವ ಸಾಲು ಮೊದಲನೆಯದು. ಯಾವ ವಿಳಾಸದಲ್ಲಿ ಆಜ್ಞೆಗಳಿಗೆ ಕಾಯಬೇಕು ಎಂದು ಹೇಳುವ 'ಬೈಂಡ್ ಟು ಅಡ್ರೆಸ್' ಸಾಲಿನಲ್ಲಿ ಮೊದಲಿಗೆ 'ಲೋಕಲ್‌ಹೋಸ್ಟ್' ಎಂದಿರುತ್ತದೆ. ಅಂದರೆ ಅದೇ ಕಂಪ್ಯೂಟರಿನಿಂದ ಬಂದ ಆಜ್ಞೆಗಳನ್ನು ಮಾತ್ರ ಅದು ಕೇಳುತ್ತದೆ. ಅದನ್ನು 'ಎನಿ' ಎಂದು ಬದಲಿಸದ ಹೊರತು ಫೋನಿನ ಆಜ್ಞೆ ಒಳಗೆ ಬರುವುದಿಲ್ಲ. ಧ್ವನಿಯ ಹೊರದಾರಿಗೆ 'ಪಲ್ಸ್' ಎಂದು ಬರೆದರೆ ಸಾಕು; ಮಿಂಟ್ 22ರಿಂದ ಪಲ್ಸ್ ಎಂಬ ಹಳೆಯ ಧ್ವನಿ ವ್ಯವಸ್ಥೆಯ ಬದಲು ಪೈಪ್‌ವೈರ್ ಬಂದಿದ್ದರೂ ಅದು ಪಲ್ಸ್‌ನ ಭಾಷೆಯನ್ನು ಬಲ್ಲದು. ಒಂದು ಗುಪ್ತಪದವನ್ನೂ ಇಡಿ.

ನೀವು ಆಲಾಪನೆಯ ಮಾತೆತ್ತಿದ್ದರಿಂದ ಇನ್ನೊಂದು ವಿಷಯ. ನಮ್ಮ ಕಚೇರಿಗಳನ್ನು ಸಿ.ಡಿ.ಗೆ ಹಾಕುವಾಗ ಆಲಾಪನೆಯನ್ನು ಒಂದು ಟ್ರ್ಯಾಕ್ ಆಗಿ, ಕೃತಿಯನ್ನು ಮತ್ತೊಂದಾಗಿ, ತನಿ ಆವರ್ತನವನ್ನು ಇನ್ನೊಂದಾಗಿ ಕತ್ತರಿಸಿರುತ್ತಾರೆ. ಕೆಲವು ಪ್ಲೇಯರುಗಳು ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವಾಗ ಅರೆಕ್ಷಣ ಮೌನವಾಗುತ್ತವೆ. ತಾಳ ಹಾಕಿಕೊಂಡು ಕೇಳುತ್ತಿರುವವರಿಗೆ ಅದು ತೀರ ಅಸಹನೀಯ. ಎಂಪಿಡಿ ಟ್ರ್ಯಾಕುಗಳನ್ನು ಅಂತರವಿಲ್ಲದೆ ಜೋಡಿಸುತ್ತದೆ. ಫ್ಲ್ಯಾಕ್ ಕಡತಗಳಲ್ಲಂತೂ ಇದು ಸಂಪೂರ್ಣ ನಿಖರವಾಗಿರುತ್ತದೆ. ಎಂಪಿ3ಯಲ್ಲಿ ಸಂಕುಚನದ ವೇಳೆ ಆದಿಯಲ್ಲೂ ಅಂತ್ಯದಲ್ಲೂ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಲೇಮ್‌ನಂತಹ ಎನ್‌ಕೋಡರ್ (ಎಂಪಿ3 ತಯಾರಿಸುವ ತಂತ್ರಾಂಶ) ಆ ಮೌನದ ಅಳತೆಯನ್ನು ಕಡತದಲ್ಲಿಯೇ ಬರೆದಿಟ್ಟಿದ್ದರೆ ಪ್ಲೇಯರ್ ಅದನ್ನು ಕತ್ತರಿಸಬಲ್ಲದು, ಇಲ್ಲದಿದ್ದರೆ ಕತ್ತರಿಸಲಾಗದು. ಆದ್ದರಿಂದ ಸಿ.ಡಿ.ಗಳು ಇನ್ನೂ ನಿಮ್ಮ ಬಳಿ ಇದ್ದರೆ ಅವುಗಳನ್ನು ಫ್ಲ್ಯಾಕ್ ರೂಪಕ್ಕೆ ಮತ್ತೊಮ್ಮೆ ಇಳಿಸಿಕೊಳ್ಳುವುದು ಶ್ರಮಕ್ಕೆ ತಕ್ಕ ಕೆಲಸ. ಆ್ಯಪ್‌ನಲ್ಲಿ ಅನುಕ್ರಮವನ್ನು ಕಲಸುವ ಶಫಲ್ ಮತ್ತು ಒಂದರ ಕೊನೆಯನ್ನು ಇನ್ನೊಂದರ ಮೊದಲಿನೊಡನೆ ಬೆರೆಸುವ ಕ್ರಾಸ್‌ಫೇಡ್ ಎರಡೂ ಬಂದ್ ಆಗಿವೆಯೇ ಎಂದು ನೋಡಿಕೊಳ್ಳಿ.

ಉತ್ತರ: ಹೊಸಹಳ್ಳಿ ಓದುಗ

ಶ್ರುತಿಪೆಟ್ಟಿಗೆಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಅದಕ್ಕಿಂತ ಸುಲಭವಾಗಿ ಆರಂಭಿಸಬಹುದಾದ ದಾರಿಯೊಂದಿದೆ, ಅದನ್ನು ಮೊದಲು ಪ್ರಯತ್ನಿಸಿ ನೋಡಬಹುದು ಎಂಬುದು ನನ್ನ ಸಲಹೆ. ಕೆಡಿಇ ಕನೆಕ್ಟ್ ಎಂಬ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ಹಾಕಿಕೊಂಡು, ಎರಡನ್ನೂ ಒಂದೇ ವೈಫೈಯಲ್ಲಿರಿಸಿ, ಒಮ್ಮೆ ಜೋಡಿ ಮಾಡಿದರೆ ಸಾಕು. ಹೆಸರಿನಲ್ಲಿ ಕೆಡಿಇ (ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಪರಿಸರ) ಎಂದಿದ್ದರೂ ಅದು ಮಿಂಟ್‌ನ ಸಿನಮನ್ ಪರಿಸರದಲ್ಲಿಯೂ ಚೆನ್ನಾಗಿ ನಡೆಯುತ್ತದೆ, ವಿಂಡೋಸ್‌ನಲ್ಲಿಯೂ ಸಿಗುತ್ತದೆ. ಫೋನು ಮತ್ತು ಕಂಪ್ಯೂಟರಿನ ನಡುವಿನ ಮಾತುಕತೆಯನ್ನು ಅದು ಗೂಢಲಿಪಿಯಲ್ಲಿ ನಡೆಸುತ್ತದೆ.

ಲಿನಕ್ಸ್‌ನಲ್ಲಿ ಹೆಚ್ಚಿನ ಸಂಗೀತ ತಂತ್ರಾಂಶಗಳು ಎಂಪ್ರಿಸ್ ಎಂಬ ಒಂದು ಸಾಮಾನ್ಯ ಒಪ್ಪಂದವನ್ನು ಪಾಲಿಸುತ್ತವೆ. ಯಾವ ಹಾಡು ನಡೆಯುತ್ತಿದೆ ಎಂದು ಹೊರಗಿನವರಿಗೆ ತಿಳಿಸುವುದು, ನಿಲ್ಲಿಸು ಅಥವಾ ಮುಂದೆ ಹೋಗು ಎಂಬ ಆಜ್ಞೆಗಳನ್ನು ಸ್ವೀಕರಿಸುವುದು ಆ ಒಪ್ಪಂದದ ತಿರುಳು. ಕೆಡಿಇ ಕನೆಕ್ಟ್ ಅದನ್ನೇ ಬಳಸಿಕೊಳ್ಳುವುದರಿಂದ ಮಿಂಟ್‌ನೊಡನೆ ಬರುವ ರಿದಂಬಾಕ್ಸ್ ಆಗಲಿ, ವಿಎಲ್‌ಸಿ ಆಗಲಿ, ಬ್ರೌಸರಿನಲ್ಲಿ ನಡೆಯುತ್ತಿರುವ ಕಚೇರಿಯ ವೀಡಿಯೊ ಆಗಲಿ, ಎಲ್ಲವನ್ನೂ ಒಂದೇ ಪರದೆಯಿಂದ ನಿಯಂತ್ರಿಸಬಹುದು. ಎಂಪಿಡಿಯಿಂದ ಈ ಅನುಕೂಲ ದೊರೆಯುವುದಿಲ್ಲ. ಅದು ತಾನು ನುಡಿಸುತ್ತಿರುವುದನ್ನು ಮಾತ್ರ ಬಲ್ಲದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಫೋನಿಗೆ ಕರೆ ಬಂದಾಗ ಕಂಪ್ಯೂಟರಿನ ಸಂಗೀತವನ್ನು ನಿಲ್ಲಿಸುವ ಒಂದು ಸೌಲಭ್ಯ ಇದರಲ್ಲಿದೆ. ನಿಮಗೆ ಬೇಡವಾದದ್ದು ಅದೇ ಆದ್ದರಿಂದ ಆ ಪ್ಲಗಿನ್ ಅನ್ನು ಮೊದಲೇ ಬಂದ್ ಮಾಡಿಬಿಡಿ.

ಇದರ ಮಿತಿಯನ್ನೂ ಹೇಳಬೇಕು. ನಡೆಯುತ್ತಿರುವುದನ್ನು ನಿಲ್ಲಿಸಬಹುದು, ಹಿಂದೆ ಮುಂದೆ ಸರಿಸಬಹುದು, ಧ್ವನಿಯನ್ನು ಹೆಚ್ಚು ಕಡಿಮೆ ಮಾಡಬಹುದು; ಆದರೆ ಸಂಗ್ರಹದೊಳಗೆ ಹುಡುಕಿ ಹೊಸದೊಂದು ಕಚೇರಿಯನ್ನು ಆರಿಸಲಾಗುವುದಿಲ್ಲ. ತಾಯಿಯವರು ಬೆಳಿಗ್ಗೆ ನೀವು ಹಾಕಿಕೊಟ್ಟ ಪಟ್ಟಿಯನ್ನೇ ಕೇಳುವವರಾದರೆ ಇದು ಸಾಕು. ತಾವೇ ಆರಿಸಿ ಕೇಳುವವರಾದರೆ ಎಂಪಿಡಿಯೇ ಸರಿ.

ಪ್ರಶ್ನೆ ಕೇಳಿದವರಿಂದ: ಕಚೇರಿ ಕೇಳುಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾಯಿಯವರು ತಾವೇ ಆರಿಸಿ ಕೇಳುವವರಾದ್ದರಿಂದ ಎಂಪಿಡಿಯನ್ನು ಹಾಕಿದೆ. ಬಳಕೆದಾರ ಸೇವೆಯ ಬಗ್ಗೆ ಕೊಟ್ಟ ಸೂಚನೆಯಿಂದಾಗಿ ಧ್ವನಿಯ ತೊಂದರೆ ಬರಲೇ ಇಲ್ಲ. ಬ್ರೌಸರಿನ ವೀಡಿಯೊಗಳಿಗಾಗಿ ಕೆಡಿಇ ಕನೆಕ್ಟ್ ಅನ್ನೂ ಇಟ್ಟುಕೊಂಡಿದ್ದೇನೆ. ಹಜಾರದಲ್ಲಿ ಕುಳಿತಾಗ ಎರಡೂ ಸೊಗಸಾಗಿ ನಡೆಯುತ್ತವೆ.

ಆದರೆ ಒಳಕೋಣೆಯಲ್ಲಿ ವಿಚಿತ್ರವಾದ ಸ್ಥಿತಿಯಿದೆ. ಅಲ್ಲಿ ಕೆಡಿಇ ಕನೆಕ್ಟ್‌ಗೆ ಕಂಪ್ಯೂಟರ್ ಕಾಣಿಸುವುದೇ ಇಲ್ಲ, ಎಂ.ಎ.ಎಲ್.ಪಿ. ಮಾತ್ರ ವಿಳಾಸವನ್ನು ಕೈಯಾರೆ ಬರೆದಿರುವುದರಿಂದ ಕೆಲಸ ಮಾಡುತ್ತದೆ. ವಿದ್ಯುತ್ ಹೋಗಿ ಬಂದ ಮೇಲೆ ಅದೂ ನಿಂತುಹೋಯಿತು. ನೋಡಿದರೆ ಕಂಪ್ಯೂಟರಿನ ವಿಳಾಸವೇ ಬದಲಾಗಿತ್ತು. ಇದರ ಜೊತೆಗೆ, ಸ್ವಲ್ಪ ಹೊತ್ತು ಸಂಗೀತ ನಿಲ್ಲಿಸಿಟ್ಟರೆ ಕಂಪ್ಯೂಟರ್ ನಿದ್ರೆಗೆ ಹೋಗುತ್ತದೆ, ಆಮೇಲೆ ಫೋನಿನಿಂದ ಏನು ಮಾಡಿದರೂ ಎಚ್ಚರಗೊಳ್ಳುವುದಿಲ್ಲ. ನಮ್ಮಲ್ಲಿ ಇಂಟರ್‌ನೆಟ್ ಕೊಟ್ಟವರ ರೌಟರ್ ಹಜಾರದಲ್ಲಿದೆ; ಒಳಕೋಣೆಗೆ ವೈಫೈ ತಲುಪದ್ದರಿಂದ ಅಲ್ಲಿಗೆ ಕೇಬಲ್ ಎಳೆದು ಇನ್ನೊಂದು ರೌಟರ್ ಹಾಕಿಸಿದ್ದೇವೆ. ಹಜಾರದಲ್ಲಿ ಫೋನಿನ ವಿಳಾಸ 192.168.1 ಎಂದು ಶುರುವಾಗುತ್ತದೆ, ಒಳಕೋಣೆಯಲ್ಲಿ 192.168.0 ಎಂದು. ಇದಕ್ಕೂ ತೊಂದರೆಗೂ ಸಂಬಂಧವಿದೆಯೇ?

ಉತ್ತರ: ತಂತಿ ಮತ್ತು ತರಂಗ

ಖಂಡಿತವಾಗಿಯೂ ಇದೆ, ಮತ್ತು ಆ ಎರಡು ವಿಳಾಸಗಳನ್ನು ನೀವು ಬರೆದದ್ದರಿಂದಲೇ ರೋಗ ಸ್ಪಷ್ಟವಾಗಿ ಗೊತ್ತಾಯಿತು. ಒಳಕೋಣೆಯ ರೌಟರ್ ಹಜಾರದ ಜಾಲವನ್ನು ಮುಂದುವರಿಸುತ್ತಿಲ್ಲ. ಅದು ತನ್ನದೇ ಆದ ಇನ್ನೊಂದು ಜಾಲವನ್ನು ಕಟ್ಟಿಕೊಂಡು ಅದರ ಬಾಗಿಲಲ್ಲಿ ಕಾವಲು ನಿಂತಿದೆ. ಒಳಗಿರುವ ಫೋನು ಹೊರಗಿನ ಒಂದು ನಿರ್ದಿಷ್ಟ ವಿಳಾಸಕ್ಕೆ ಹೋಗಬೇಕೆಂದರೆ ರೌಟರ್ ದಾರಿ ಬಿಡುತ್ತದೆ, ಆದ್ದರಿಂದಲೇ ವಿಳಾಸ ಬರೆದಿಟ್ಟಿರುವ ಎಂ.ಎ.ಎಲ್.ಪಿ. ನಡೆಯುತ್ತದೆ. ಕೆಡಿಇ ಕನೆಕ್ಟ್‌ನಂತಹ ತಂತ್ರಾಂಶಗಳು 'ಇಲ್ಲಿ ಯಾರಾದರೂ ಇದ್ದೀರಾ' ಎಂದು ಇಡೀ ಜಾಲಕ್ಕೆ ಕೂಗಿ ಕೇಳುವ ಕ್ರಮವನ್ನು ಅನುಸರಿಸುತ್ತವೆ. ಆ ಕೂಗು ತನ್ನ ಜಾಲದ ಗಡಿಯನ್ನು ದಾಟುವುದಿಲ್ಲ.

ಇದಕ್ಕೆ ಪರಿಹಾರ ಸರಳ. ಒಳಕೋಣೆಯ ರೌಟರಿನ ಆಡಳಿತ ಪುಟಕ್ಕೆ ಹೋಗಿ ಅದನ್ನು ಆಕ್ಸೆಸ್ ಪಾಯಿಂಟ್ ಎಂಬ ಸ್ಥಿತಿಗೆ ಬದಲಿಸಿ. ಆಗ ಅದು ವಿಳಾಸ ಹಂಚುವ ಕೆಲಸವನ್ನು ಬಿಟ್ಟು ಹಜಾರದ ರೌಟರಿನ ವೈಫೈಯನ್ನು ಒಳಕ್ಕೆ ತಲುಪಿಸುವ ಕೆಲಸವನ್ನಷ್ಟೇ ಮಾಡುತ್ತದೆ, ಇಡೀ ಮನೆ ಒಂದೇ ಜಾಲವಾಗುತ್ತದೆ. ಆ ಸ್ಥಿತಿಯ ಆಯ್ಕೆಯೇ ಇಲ್ಲದ ಹಳೆಯ ರೌಟರ್ ಆಗಿದ್ದರೆ, ಅದಕ್ಕೆ ಹಜಾರದ ಜಾಲದಲ್ಲಿ ಬೇರೆ ಯಾವ ಸಾಧನಕ್ಕೂ ಹೋಗದಂತಹ ಒಂದು ವಿಳಾಸ ಕೊಟ್ಟು, ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ಬಂದ್ ಮಾಡಿ, ಹಜಾರದಿಂದ ಬಂದ ಕೇಬಲನ್ನು ವ್ಯಾನ್ ಎಂದು ಬರೆದ ತೂತಿನಿಂದ ತೆಗೆದು ಲ್ಯಾನ್ ಎಂದು ಬರೆದ ತೂತಿಗೆ ಚುಚ್ಚಿದರೆ ಅದೇ ಫಲ ಸಿಗುತ್ತದೆ. ಇಷ್ಟಾದ ಮೇಲೂ ಫೋನಿಗೆ ಕಂಪ್ಯೂಟರ್ ಕಾಣದಿದ್ದರೆ, ವೈಫೈಯಲ್ಲಿ ಒಂದು ಸಾಧನವು ಇನ್ನೊಂದನ್ನು ನೋಡದಂತೆ ತಡೆಯುವ ಐಸೋಲೇಷನ್ ಆಯ್ಕೆ ಚಾಲನೆಯಲ್ಲಿದೆಯೇ ಎಂದು ಪರೀಕ್ಷಿಸಿ. ಅತಿಥಿಗಳಿಗೆಂದು ಇಡುವ ಗೆಸ್ಟ್ ವೈಫೈಯಲ್ಲಿ ಈ ತಡೆ ಸಾಮಾನ್ಯವಾಗಿ ಇದ್ದೇ ಇರುತ್ತದೆ; ತಾಯಿಯವರ ಫೋನು ಅದಕ್ಕೆ ಸೇರಿಕೊಂಡಿರಬಾರದು. ಮಿಂಟ್‌ನ ಫೈರ್‌ವಾಲ್ ಅನ್ನು ನೀವು ಚಾಲನೆ ಮಾಡಿದ್ದರೆ ಎಂಪಿಡಿಗೆ 6600ನೆಯ ಟಿಸಿಪಿ ಪೋರ್ಟನ್ನೂ, ಕೆಡಿಇ ಕನೆಕ್ಟ್‌ಗೆ 1714ರಿಂದ 1764ರವರೆಗಿನ ಟಿಸಿಪಿ ಮತ್ತು ಯುಡಿಪಿ ಪೋರ್ಟುಗಳನ್ನೂ ತೆರೆಯಬೇಕಾಗುತ್ತದೆ.

ವಿಳಾಸ ಬದಲಾದದ್ದು ಬೇರೆಯೇ ಕಾರಣಕ್ಕೆ. ರೌಟರ್ ವಿಳಾಸಗಳನ್ನು ಒಂದು ಅವಧಿಗೆ ಕಡ ಕೊಡುತ್ತದೆ. ವಿದ್ಯುತ್ ಹೋಗಿ ಬಂದಾಗ ಮೊದಲು ಎದ್ದ ಸಾಧನಕ್ಕೆ ಹಳೆಯ ವಿಳಾಸ ಸಿಕ್ಕಿಬಿಡಬಹುದು. ರೌಟರಿನ ಡಿಎಚ್‌ಸಿಪಿ ವಿಭಾಗದಲ್ಲಿ ಅಡ್ರೆಸ್ ರಿಸರ್ವೇಷನ್ ಎಂಬಲ್ಲಿ ಕಂಪ್ಯೂಟರಿನ ಮ್ಯಾಕ್ ವಿಳಾಸವನ್ನು (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯನ್ನು) ಬರೆದು ಅದಕ್ಕೊಂದು ವಿಳಾಸವನ್ನು ಕಾಯಂ ಮಾಡಿ. ನಮ್ಮ ಊರುಗಳಲ್ಲಿ ವಿದ್ಯುತ್ ಹೋಗುವುದು ಬರುವುದು ಇದ್ದೇ ಇರುವುದರಿಂದ ಇದನ್ನು ಮಾಡದೆ ಯಾವ ವ್ಯವಸ್ಥೆಯೂ ಬಾಳಿಕೆ ಬರುವುದಿಲ್ಲ.

ನಿದ್ರೆಯ ವಿಚಾರದಲ್ಲಿ, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಪರದೆ ಆರಲಿ, ಯಂತ್ರ ಮಾತ್ರ ಸಸ್ಪೆಂಡ್ ಆಗದಿರಲಿ ಎಂದು ನಿಗದಿಪಡಿಸುವುದು ಅತ್ಯಂತ ನಂಬಿಕೆಯ ದಾರಿ. ವಿದ್ಯುತ್ ಉಳಿಸಲೇಬೇಕೆಂದಿದ್ದರೆ ವೇಕ್ ಆನ್ ಲ್ಯಾನ್ ಇದೆ. ಆರು ಬಾರಿ ಎಫ್‌ಎಫ್ ಎಂಬ ಬೈಟ್, ಅದರ ಹಿಂದೆ ಕಂಪ್ಯೂಟರಿನ ಮ್ಯಾಕ್ ವಿಳಾಸ ಹದಿನಾರು ಬಾರಿ, ಒಟ್ಟು 102 ಬೈಟುಗಳ ಒಂದು ಸಂದೇಶವನ್ನು ಫೋನು ಜಾಲಕ್ಕೆಲ್ಲ ಕಳುಹಿಸುತ್ತದೆ. ನಿದ್ರೆಯಲ್ಲಿರುವ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಅದನ್ನು ಗುರುತಿಸಿ ಯಂತ್ರವನ್ನು ಎಬ್ಬಿಸುತ್ತದೆ. ಇದಕ್ಕೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟಿಂಗ್‌ಗಳಲ್ಲಿ) ಅನುಮತಿ ಇರಬೇಕು, ಕಂಪ್ಯೂಟರ್ ರೌಟರಿಗೆ ವೈಫೈ ಬದಲು ಕೇಬಲಿನಿಂದ ಜೋಡಣೆಯಾಗಿರುವುದು ಒಳ್ಳೆಯದು. ಈ ಸಂದೇಶವೂ ಒಂದು ಕೂಗೇ ಆದ್ದರಿಂದ, ರೌಟರುಗಳನ್ನು ಒಂದೇ ಜಾಲವಾಗಿಸುವ ಮೊದಲು ಇದು ಒಳಕೋಣೆಯಿಂದ ಕೆಲಸ ಮಾಡದು.

ಇನ್ನು, ಊರಿನಿಂದ ಹೊರಗಿದ್ದಾಗಲೂ ನಿಯಂತ್ರಿಸುವ ಆಸೆಯಿಂದ ರೌಟರಿನಲ್ಲಿ 6600ನೆಯ ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಡುವ ಕೆಲಸವನ್ನು ಯಾರೂ ಮಾಡಬಾರದು. ಎಂಪಿಡಿಯ ಗುಪ್ತಪದ ಯಾವ ಮರೆಯೂ ಇಲ್ಲದೆ ಹಾಗೆಯೇ ಸಾಗುತ್ತದೆ. ಮನೆಯೊಳಗೆ ಅದು ಸಾಕು. ಬೀದಿಗೆ ಅದು ಸಾಲದು. ಅಂತಹ ಅಗತ್ಯವಿದ್ದವರು ವೈರ್‌ಗಾರ್ಡ್‌ನಂತಹ ವಿಪಿಎನ್ (ಗೂಢಲಿಪಿಯಲ್ಲಿ ಸಾಗುವ ಖಾಸಗಿ ದಾರಿ) ಮೂಲಕ ಮನೆಯ ಜಾಲದೊಳಗೆ ಬಂದು ಆಮೇಲೆ ನಿಯಂತ್ರಿಸಲಿ.

ನಡುವೆ ಒಂದು ಪ್ರಶ್ನೆ: ಕರಾವಳಿ

ಚರ್ಚೆಯಿಂದ ಬಹಳ ಉಪಯೋಗವಾಯಿತು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ, ಅದನ್ನು ಬದಲಿಸುವಂತಿಲ್ಲ. ಯಕ್ಷಗಾನ ತಾಳಮದ್ದಳೆಗಳ ದೊಡ್ಡ ಸಂಗ್ರಹವಿದೆ. ನಮ್ಮಂಥವರಿಗೆ ಏನು ದಾರಿ?

ಉತ್ತರ: ಶ್ರುತಿಪೆಟ್ಟಿಗೆ

ಕರಾವಳಿಯವರೇ, ವಿಂಡೋಸ್‌ನಲ್ಲಿ ಫೂಬಾರ್2000 ಎಂಬ ಪ್ಲೇಯರಿಗೆ ಬೀಫ್‌ವೆಬ್ ಎಂಬ ಘಟಕವನ್ನು ಸೇರಿಸಿಕೊಳ್ಳಿ. ಆಮೇಲೆ ಫೋನಿನ ಬ್ರೌಸರಿನಲ್ಲಿ ಕಂಪ್ಯೂಟರಿನ ವಿಳಾಸ, ಅದರ ಮುಂದೆ 8880 ಎಂಬ ಪೋರ್ಟ್ ಸಂಖ್ಯೆ ಬರೆದರೆ ನಿಯಂತ್ರಣದ ಪುಟ ತೆರೆದುಕೊಳ್ಳುತ್ತದೆ. ವಿಎಲ್‌ಸಿಯಲ್ಲಿಯೂ ಇಂತಹುದೇ ವೆಬ್ ಪುಟ 8080ನೆಯ ಪೋರ್ಟಿನಲ್ಲಿದೆ. ಪ್ರಿಫರೆನ್ಸಸ್‌ನ ಎಲ್ಲ ಆಯ್ಕೆಗಳನ್ನೂ ತೋರಿಸುವ ಭಾಗಕ್ಕೆ ಹೋಗಿ ವೆಬ್ ಇಂಟರ್‌ಫೇಸನ್ನು ಸಕ್ರಿಯಗೊಳಿಸಿ, ಲುವಾ ಎಂಬಲ್ಲಿ ಗುಪ್ತಪದ ಕೊಡಬೇಕು. ಬ್ರೌಸರ್ ಬಳಕೆದಾರನ ಹೆಸರು ಕೇಳಿದಾಗ ಆ ಜಾಗವನ್ನು ಖಾಲಿ ಬಿಟ್ಟು ಗುಪ್ತಪದವನ್ನಷ್ಟೇ ಬರೆಯಿರಿ. ಯಾವುದನ್ನು ಆರಿಸಿದರೂ, ವಿಂಡೋಸ್ ನಿಮ್ಮ ಮನೆಯ ವೈಫೈಯನ್ನು ಪಬ್ಲಿಕ್ ಎಂದು ಗುರುತಿಸಿಕೊಂಡಿದ್ದರೆ ಫೋನಿನ ಆಜ್ಞೆಗಳನ್ನು ಅದರ ಫೈರ್‌ವಾಲ್ ತಡೆಯುವ ಸಾಧ್ಯತೆ ಹೆಚ್ಚು. ಅದನ್ನು ಪ್ರೈವೇಟ್ ಎಂದು ಬದಲಿಸಿ, ಫೈರ್‌ವಾಲ್ ಅನುಮತಿ ಕೇಳಿದಾಗ ಒಪ್ಪಿಗೆ ಕೊಡಿ. ರಾತ್ರಿಯಿಡೀ ನಡೆಯುವ ತಾಳಮದ್ದಳೆಯ ಒಂದೇ ದೀರ್ಘ ಕಡತದಲ್ಲಿ ಬೇಕಾದ ಪ್ರಸಂಗಕ್ಕೆ ಸರಿಯುವುದು ಫೋನಿನ ಸಣ್ಣ ಪರದೆಯಲ್ಲಿ ಕಷ್ಟ. ಸಾಧ್ಯವಾದರೆ ಪ್ರಸಂಗಕ್ಕೊಂದರಂತೆ ಕತ್ತರಿಸಿಡಿ.

ಉತ್ತರ: ರಾಗಮಾಲಿಕೆ

ಜಾಲದ ತೊಂದರೆಗಳೆಲ್ಲ ಬಗೆಹರಿದ ಮೇಲೆ ನಿಮಗೆ ಎದುರಾಗುವ ನಿಜವಾದ ಕೆಲಸದ ಬಗ್ಗೆ ಇಲ್ಲಿ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಮುಂದೆ ಕುಳಿತಾಗ ಯಾವ ಫೋಲ್ಡರಿನಲ್ಲಿ ಏನಿದೆ ಎಂಬುದು ನಮ್ಮ ಕೈಗೆ ರೂಢಿಯಾಗಿರುತ್ತದೆ. ಫೋನಿನಲ್ಲಿ ಹುಡುಕುವಾಗ ನಮಗೆ ಮುಖ್ಯ ಆಧಾರ ಕಡತದೊಳಗೆ ಬರೆದಿರುವ ಟ್ಯಾಗುಗಳು, ಅಂದರೆ ಹಾಡಿನ ಹೆಸರು, ಕಲಾವಿದರ ಹೆಸರು ಮುಂತಾದ ವಿವರಗಳು. ಅವು ಸರಿಯಿಲ್ಲದಿದ್ದರೆ ತಾಯಿಯವರ ಪರದೆಯಲ್ಲಿ 'ಟ್ರ್ಯಾಕ್ 01', 'ಅಜ್ಞಾತ ಕಲಾವಿದ' ಎಂಬ ಸಾಲುಗಳೇ ತುಂಬಿಕೊಳ್ಳುತ್ತವೆ, ಇಷ್ಟು ಶ್ರಮಪಟ್ಟು ಕಟ್ಟಿದ ವ್ಯವಸ್ಥೆ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಕನ್ನಡದ ಸಂಗ್ರಹಗಳಲ್ಲಿ ಇನ್ನೂ ಒಂದು ವಿಶೇಷ ತೊಂದರೆಯಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಹೆಸರುಗಳನ್ನು ಬರೆದಿಟ್ಟಿದ್ದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಎಂಪಿ3 ಕಡತಗಳಲ್ಲಿ ಐಡಿ3 ಎಂಬ ಟ್ಯಾಗ್ ಪದ್ಧತಿಯ ಮೊದಲನೆಯ ಆವೃತ್ತಿಯ ಟ್ಯಾಗುಗಳು ಉಳಿದಿದ್ದರೆ ಅವುಗಳನ್ನು ಅಳಿಸಿಬಿಡಿ. ಅದರಲ್ಲಿ ಶೀರ್ಷಿಕೆಗೆ ಇರುವ ಜಾಗ 30 ಬೈಟು. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ, ಒಂದೊಂದು ಅರ್ಧಾಕ್ಷರದ ಚಿಹ್ನೆಗೂ ಮೂರು ಬೈಟು ಬೇಕಾಗುವುದರಿಂದ ಕೃತಿಯ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಐಡಿ3ಯ 2.3ನೆಯ ಅಥವಾ 2.4ನೆಯ ಆವೃತ್ತಿಯಲ್ಲಿ ಈ ಕಷ್ಟವಿಲ್ಲ. ಫ್ಲ್ಯಾಕ್‌ನ ಟ್ಯಾಗುಗಳು ಮೊದಲಿನಿಂದಲೂ ಯುಟಿಎಫ್-8ರಲ್ಲಿಯೇ ಇವೆ. ಮಿಂಟ್‌ನಲ್ಲಿ ಕಿಡ್3 ಎಂಬ ತಂತ್ರಾಂಶ ಈ ಕೆಲಸಕ್ಕೆ ಬಹಳ ಅನುಕೂಲ, ಒಂದು ಫೋಲ್ಡರಿನ ಎಲ್ಲ ಕಡತಗಳನ್ನೂ ಒಟ್ಟಿಗೆ ತಿದ್ದಬಹುದು.

ಟ್ಯಾಗುಗಳ ವ್ಯವಸ್ಥೆ ಹುಟ್ಟಿದ್ದು ಪಾಶ್ಚಾತ್ಯ ಜನಪ್ರಿಯ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು. ರಾಗಕ್ಕೂ ತಾಳಕ್ಕೂ ಅಲ್ಲಿ ಜಾಗವಿಲ್ಲ. ಫ್ಲ್ಯಾಕ್‌ನಲ್ಲಿ 'ರಾಗ' ಎಂಬ ಹೊಸ ಟ್ಯಾಗನ್ನೇ ಸೃಷ್ಟಿಸಬಹುದಾದರೂ ಎಂಪಿಡಿ ತನಗೆ ಗೊತ್ತಿರುವ ಟ್ಯಾಗುಗಳನ್ನು ಮಾತ್ರ ಓದುತ್ತದೆ, ಆದ್ದರಿಂದ ಅದು ಫೋನಿಗೆ ಬರುವುದಿಲ್ಲ. ಕಾಮೆಂಟ್ ಟ್ಯಾಗಿನಲ್ಲಿ ಬರೆದರೂ, ಸಂರಚನೆಯಲ್ಲಿ ಅದನ್ನು ಪ್ರತ್ಯೇಕವಾಗಿ ಸೇರಿಸದ ಹೊರತು ಎಂಪಿಡಿ ಅದನ್ನು ಬಿಟ್ಟುಬಿಡುತ್ತದೆ. ನನಗೆ ಒಗ್ಗಿಬಂದ ಕ್ರಮ ಹೀಗಿದೆ: ಶೀರ್ಷಿಕೆಯಲ್ಲಿಯೇ ಕೃತಿಯ ಹೆಸರು, ರಾಗ, ತಾಳ ಮೂರನ್ನೂ ಅದೇ ಅನುಕ್ರಮದಲ್ಲಿ ಬರೆಯುತ್ತೇನೆ. ಆಗ ಯಾವ ಆ್ಯಪ್ ಆದರೂ, 'ತೋಡಿ' ಎಂದು ಹುಡುಕಿದ ಕೂಡಲೇ ಮನೆಯಲ್ಲಿರುವ ತೋಡಿಗಳೆಲ್ಲ ಸಾಲಾಗಿ ಬರುತ್ತವೆ. ವಾಗ್ಗೇಯಕಾರರ ಹೆಸರನ್ನು ಕಂಪೋಸರ್ ಟ್ಯಾಗಿನಲ್ಲಿ, ಪಕ್ಕವಾದ್ಯದವರನ್ನು ಪರ್ಫಾರ್ಮರ್ ಟ್ಯಾಗಿನಲ್ಲಿ, ಪ್ರಧಾನ ಕಲಾವಿದರನ್ನು ಆರ್ಟಿಸ್ಟ್ ಮತ್ತು ಆಲ್ಬಂ ಆರ್ಟಿಸ್ಟ್ ಎರಡರಲ್ಲಿಯೂ ಬರೆಯುತ್ತೇನೆ. ಆಲ್ಬಂ ಎಂಬಲ್ಲಿ ಕಚೇರಿ ನಡೆದ ಸ್ಥಳ ಮತ್ತು ವರ್ಷ ಇರಲಿ. ಒಬ್ಬರದೇ ಹಲವು ಕಚೇರಿಗಳಿದ್ದಾಗ ಅವು ಒಂದರೊಳಗೊಂದು ಬೆರೆತುಹೋಗದಂತೆ ಕಾಪಾಡುವುದು ಅದೇ.

ಒಂದೇ ಹೆಸರನ್ನು ಒಂದೇ ರೀತಿ ಬರೆಯುವ ಶಿಸ್ತು ಇಲ್ಲಿ ಬಹಳ ಮುಖ್ಯ. ಒಂದು ಕಡೆ ಹರಿಕಾಂಭೋಜಿ, ಇನ್ನೊಂದು ಕಡೆ ಹರಿಕಾಂಬೋಧಿ ಎಂದು ಬರೆದರೆ ಹುಡುಕಾಟಕ್ಕೆ ಅವು ಎರಡು ಬೇರೆ ರಾಗಗಳು. ಸಿ.ಡಿ.ಗಳನ್ನು ಇಳಿಸಿಕೊಂಡಾಗ ಇಂಟರ್‌ನೆಟ್‌ನಿಂದ ತಾನಾಗಿ ಬರುವ ಹೆಸರುಗಳು ರೋಮನ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದವಾಗಿರುತ್ತವೆ. ತಾಯಿಯವರು ಕನ್ನಡದಲ್ಲಿ ಬೆರಳಚ್ಚು ಮಾಡುವವರಾದರೆ ಎಲ್ಲವನ್ನೂ ಕನ್ನಡಕ್ಕೆ ತನ್ನಿ. ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ಅವರು ಪದೇ ಪದೇ ಕೇಳುವ ಕಚೇರಿಗಳಿಂದ ಆರಂಭಿಸಿ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಕ್ಯಾಸೆಟ್ಟಿನ ಮೇಲೆ ಬರೆಯದೆ ಬಿಟ್ಟ ರಾಗವನ್ನು, ಪಿಟೀಲು ನುಡಿಸಿದವರ ಹೆಸರನ್ನು ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ ಇರಬಹುದು.

ಧ್ವನಿಯ ಮಟ್ಟದ ವಿಚಾರವನ್ನೂ ಇದರೊಡನೆ ನೋಡಿಕೊಳ್ಳಿ. ಕ್ಯಾಸೆಟ್ಟಿನಿಂದ ಇಳಿಸಿದ್ದು ಮೆಲ್ಲಗೆ, ಸಿ.ಡಿ.ಯದು ಜೋರಾಗಿ ಕೇಳುತ್ತದೆ. ಪ್ರತಿ ಬಾರಿಯೂ ಫೋನಿನಲ್ಲಿ ಏರಿಸಿ ಇಳಿಸುತ್ತಿರಬೇಕಾಗುತ್ತದೆ. ರಿಪ್ಲೇಗೇನ್ ಎಂಬ ಕ್ರಮದಲ್ಲಿ ಪ್ರತಿ ಕಡತದ ಸರಾಸರಿ ಜೋರನ್ನು ಅಳೆದು ಟ್ಯಾಗಿನಲ್ಲಿ ಬರೆದಿಟ್ಟರೆ, ಧ್ವನಿಯನ್ನೇ ಬದಲಿಸದೆ, ನುಡಿಸುವಾಗ ಮಾತ್ರ ಎಂಪಿಡಿ ಅದನ್ನು ಹೊಂದಿಸುತ್ತದೆ. ಅದನ್ನು ಟ್ರ್ಯಾಕ್ ಎಂಬ ಬಗೆಯಲ್ಲಿ ಇಡದೆ ಆಲ್ಬಂ ಎಂಬ ಬಗೆಯಲ್ಲಿಯೇ ಇಡಿ. ಇಲ್ಲವಾದರೆ ಮೆಲುದನಿಯ ಆಲಾಪನೆಯೂ ಮೃದಂಗದ ತನಿಯೂ ಒಂದೇ ಎತ್ತರಕ್ಕೆ ಬಂದು, ಕಲಾವಿದರು ಬೇಕೆಂದೇ ಇಟ್ಟ ಏರಿಳಿತ ಕಳೆದುಹೋಗುತ್ತದೆ.

ಟ್ಯಾಗುಗಳನ್ನು ತಿದ್ದಿದ ಮೇಲೆ ಎಂ.ಎ.ಎಲ್.ಪಿ.ಯಿಂದ ಡೇಟಾಬೇಸ್ ಅಪ್‌ಡೇಟ್ ಎಂಬ ಆಜ್ಞೆಯನ್ನು ಕೊಡಬೇಕು. ಎಂಪಿಡಿ ತಾನು ಮೊದಲು ಓದಿಟ್ಟುಕೊಂಡ ಪಟ್ಟಿಯನ್ನೇ ಫೋನಿಗೆ ತೋರಿಸುವುದರಿಂದ, ಆ ಆಜ್ಞೆ ಕೊಡುವವರೆಗೆ ಹಳೆಯ ಹೆಸರುಗಳೇ ಕಾಣುತ್ತಿರುತ್ತವೆ.